ಅಂಗಳದಲ್ಲಿ ಮೂವರು

ಬೆಳಿಗ್ಗೆ ಒಂಬತ್ತೂವರೆಗೆ ಘಾಟಿಯ ಆಚೆಯ ದೊಡ್ಡಾಸ್ಪತ್ರೆಯಿಂದ ಫೋನು ಬಂದಾಗ ಬುರುಲ್ಚಾ ನನ್ನ ಎದುರಿಗೇ ಕೂತಿದ್ದಳು. ಇನ್ನೊಂದು ಫೋನಿನಲ್ಲಿ ಯಾರಿಗೋ, ಬೋರಲಾಗಿ ಮಲಗಿಸಿ, ಎದೆಯ ಕೆಳಗೆ ದಿಂಬು ಇಡಿ ಎಂದು ನಿಧಾನವಾಗಿ ಹೇಳಿಕೊಡುತ್ತಿದ್ದಳು. ನನ್ನ ಫೋನಿನಲ್ಲಿದ್ದ ದಾದಿಯ ದನಿ ಒಣಗಿಹೋಗಿತ್ತು. ಹೆಸರು ಹೇಳಿದಳು, ಹುಟ್ಟಿದ ವರ್ಷ ಹೇಳಿದಳು, ಜೀವ ಹೋದ ಹೊತ್ತು ಹೇಳಿದಳು. ಮೂರು ಗಂಟೆಯ ಹೊತ್ತಿಗೆ ದೇಹ ನಮ್ಮೂರು ಕೊಚ್ಕೋರ್‌ಗೆ ಬರುತ್ತದೆ, ಕತ್ತಲಾಗುವ ಮುಂಚೆ ಮಣ್ಣು ಮಾಡಬೇಕು ಎಂದಳು.

"ಹೂಂ, ಬರಕೊಂಡೆ" ಎಂದೆ.

ಬರೆದುಕೊಂಡಿರಲಿಲ್ಲ. ಬರೆದರೆ ಎದುರಿಗೆ ಕೂತವಳಿಗೆ ಕಾಣುತ್ತಿತ್ತು. ಆ ಹೆಸರು ಅವಳ ಗಂಡ ಎಸೆನ್‌ನದು.

ಎಲ್ಲರಂತೆ ಬುರುಲ್ಚಾ ಕೂಡ ನನ್ನನ್ನು ಎಜೆ, ಎಂದರೆ ಅಕ್ಕ, ಎನ್ನುತ್ತಿದ್ದಳು. ತನ್ನ ಫೋನು ಇಟ್ಟು ಕೇಳಿದಳು. "ದೊಡ್ಡಾಸ್ಪತ್ರೆಯವರಾ ಎಜೆ?"

"ಹೂಂ."

"ಏನಂತೆ?"

"ನಮ್ಮ ಹಳ್ಳಿಗಳಿಂದ ಎಷ್ಟು ಹಾಸಿಗೆ ಬೇಕಾಗ್ಬೋದು ಅಂತ ಲೆಕ್ಕ ಕೇಳಿದ್ರು."

ಅರವತ್ತೊಂಬತ್ತು ವರ್ಷದ ಬಾಳಿನಲ್ಲಿ, ಅದರಲ್ಲಿ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಚರಿತ್ರೆಯ ಪಾಠ ಹೇಳಿದ ಬಾಯಲ್ಲಿ, ಅಷ್ಟು ಸಲೀಸಾಗಿ ಸುಳ್ಳು ಹೊರಟಿತು.

ನಮ್ಮದು ಆಶರ್ ಬಳಗ, ಎಂದರೆ ಒಬ್ಬರಿಗೊಬ್ಬರು ಕೈಗೂಡಿಸಿ ದುಡಿಯುವವರ ಬಳಗ. ಕಣಿವೆಯ ಮೂವತ್ತೊಂದು ಹಳ್ಳಿಗಳಲ್ಲಿ ಹಳ್ಳಿಗೊಬ್ಬರಂತೆ ನಮ್ಮವರಿದ್ದರು. ಅವರನ್ನು ಕೊಂಡಿ ಎಂದು ಕರೆಯುತ್ತಿದ್ದೆವು. ಹಿಂದಿನ ವರ್ಷದವರೆಗೆ ನಮ್ಮ ಕೆಲಸವೆಂದರೆ ಗ್ರಾಮಸಭೆಯಲ್ಲಿ ಹಿಂದಿನ ಬೆಂಚು ಬಿಟ್ಟು ಮುಂದಿನ ಬೆಂಚಿನಲ್ಲಿ ಕೂರಲು ಹೆಂಗಸರಿಗೆ ಕಲಿಸುವುದು, ಅರ್ಜಿ ಬರೆಯಲು ಕಲಿಸುವುದು, ಓಟಿನ ದಿನ ಪೆಟ್ಟಿಗೆಯ ಪಕ್ಕ ಕೂತು ನೋಡುವುದು. ಹಳೆಯ ಗ್ರಂಥಾಲಯದ ಎರಡು ಕೋಣೆ ನಮ್ಮ ಕಚೇರಿ. ಗೋಡೆಯ ಮೇಲೆ ಕುಡಿಯುವ ನೀರಿನ ಪೈಪುಗಳ ನಕ್ಷೆ ಆಗಲೂ ತೂಗುತ್ತಿತ್ತು. ಅದರ ಕೆಳಗೆ ಆಮ್ಲಜನಕದ ಯಂತ್ರಗಳ ಖಾಲಿ ಪೆಟ್ಟಿಗೆಗಳು ಬಿದ್ದಿದ್ದವು.

ಮಾರ್ಚಿನಲ್ಲಿ ರೋಗ ಬಂದು ಊರೆಲ್ಲ ಮುಚ್ಚಿದಾಗ ನಾವೂ ಬಾಗಿಲು ಹಾಕೋಣ ಎಂದುಕೊಂಡಿದ್ದೆವು. ಆದರೆ ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಆ ಮೂವತ್ತೊಂದು ಜನಕ್ಕೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಹಿಟ್ಟು ಹಂಚಲು ನಮ್ಮನ್ನು ಕೇಳಿದರು. ಆಮೇಲೆ ಔಷಧಿ. ಆಮೇಲೆ ಯಂತ್ರಗಳು ಬಂದವು, ಆರು. ಜುಲೈ ಹೊತ್ತಿಗೆ ಒಬ್ಬರನ್ನೊಬ್ಬರು ಹೇಗಿದ್ದೀರಿ ಎಂದು ಕೇಳುವುದನ್ನೇ ಜನ ಬಿಟ್ಟಿದ್ದರು. ಬೆರಳಿಗೆ ಸಿಕ್ಕಿಸಿ ನೋಡುವ ಉಸಿರಿನ ಅಂಕಿ ಎಷ್ಟು ಎಂದಷ್ಟೇ ಕೇಳುತ್ತಿದ್ದರು.

ಇದರ ನಡುವೆ ಇನ್ನೊಂದು ಕೆಲಸ ನಮ್ಮ ಹೆಗಲಿಗೆ ಬಂತು. ಅದನ್ನು ಯಾರೂ ಕೊಟ್ಟಿದ್ದಲ್ಲ. ಏಪ್ರಿಲಿನಲ್ಲಿ ಮಗ ತೀರಿಕೊಂಡ ಸುದ್ದಿಯನ್ನು ಆಸ್ಪತ್ರೆಯ ಗುಮಾಸ್ತ ಒಬ್ಬ ತಾಯಿಗೆ ನೇರವಾಗಿ ಫೋನಿನಲ್ಲಿ ಹೇಳಿಬಿಟ್ಟ. ಆಕೆ ಮನೆಯಲ್ಲಿ ಒಬ್ಬಳೇ ಇದ್ದಳು. ಒಲೆಯ ಮುಂದೆ ಬಿದ್ದವಳನ್ನು ಮಾರನೆಯ ದಿನ ನೋಡಿದರು. ನಮ್ಮ ಜನ ಸಾವನ್ನು ಹಾಗೆ ಹೇಳುವುದಿಲ್ಲ. ಹಿರಿಯರು ಮೂವರು ಮನೆಗೆ ಹೋಗಬೇಕು, ಕೂರಿಸಬೇಕು, ಬೇರೆ ಮಾತಿನಿಂದ ಶುರುಮಾಡಿ ಆ ಮಾತಿಗೆ ಬರಬೇಕು. ಅಲ್ಲಿಯವರೆಗೆ ಊರಿಗೆಲ್ಲ ಗೊತ್ತಿದ್ದರೂ ಆ ಮನೆಯವರಿಗೆ ಗೊತ್ತಾಗಬಾರದು. ಹಾಗಾಗಿ ಆಸ್ಪತ್ರೆಯವರ ಹತ್ತಿರ ನಾವು ಕೇಳಿಕೊಂಡೆವು: ಸುದ್ದಿಯನ್ನು ನಮಗೆ ಕೊಡಿ, ಮನೆಗೆ ನಾವು ಮುಟ್ಟಿಸುತ್ತೇವೆ.

ಅದರ ನಿಯಮಗಳನ್ನು ಅರ್ಧ ಹಾಳೆಯಲ್ಲಿ ಬರೆದವಳು ಬುರುಲ್ಚಾ. ಇದೇ ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷ ಪುಸ್ತಕ ಕೊಟ್ಟವಳು, ಅಕ್ಷರ ಮುತ್ತಿನ ಹಾಗೆ. ಮೂವರು ಹೋಗಬೇಕು. ಒಳಗೆ ಹೋಗಬಾರದು, ಅಂಗಳದಲ್ಲೇ, ಒಬ್ಬರಿಂದೊಬ್ಬರು ನಾಲ್ಕು ಹೆಜ್ಜೆ ದೂರ. ಒಬ್ಬರಾದರೂ ಸತ್ತವರ ಕುಲದ ಹಿರಿಯರಿರಬೇಕು, ಒಬ್ಬರಾದರೂ ಕೇಳುವವರ ಕಡೆಯವರಿರಬೇಕು. ಮೂವರು ಸೇರುವ ಮುಂಚೆ ಮನೆಯವರು ಫೋನು ಮಾಡಿದರೆ "ಮಲಗಿದ್ದಾರಂತೆ, ಡಾಕ್ಟರು ಬರಲಿ, ಕೇಳಿ ಹೇಳ್ತೀವಿ" ಎನ್ನಬೇಕು.

ಆ ಕೊನೆಯ ಮಾತನ್ನು ಬುರುಲ್ಚಾ ಆ ತಿಂಗಳೊಂದರಲ್ಲೇ ಎಷ್ಟು ಸಲ ಹೇಳಿದ್ದಳೋ. ಅದನ್ನು ಅವಳಿಗೇ ಹೇಳುವ ಹಾಗಿರಲಿಲ್ಲ.

ಅವಳು ಕಾಲ ಬಳಿಯ ಚೀಲದಿಂದ ಒಂದು ಥರ್ಮಾಸ್ ತೆಗೆದು ಮೇಜಿನ ಮೇಲಿಟ್ಟಳು.

"ಎಜೆ, ಮಧ್ಯಾಹ್ನದ ಕಾರಲ್ಲಿ ಇದನ್ನ ಕಳಿಸ್ತೀರಾ? ಮಾಂಸದ ಸಾರು. ನಮ್ಮನೆಯವರು ನಿನ್ನೆ ಸಂಜೆ ಮೆಸೇಜ್ ಹಾಕಿದ್ರು. ಆಸ್ಪತ್ರೆ ಗಂಜಿ ಕುಡ್ದು ಕುಡ್ದು ಇನ್ನೆರಡು ದಿನಕ್ಕೆ ಕೆನೆಯಕ್ಕೆ ಶುರು ಮಾಡ್ತೀನಿ, ಲಾಳ ಹೊಡೆಸಿ ಕರ್ಕೊಂಡ್ ಹೋಗು ಅಂತ."

"ಕಳಿಸ್ತೀನಿ" ಎಂದೆ.

"ನಿಮ್ಮ ಮುಖ ಯಾಕೆ ಹಂಗಿದೆ? ಅಂಕಿ ನೋಡ್ಕೊಂಡ್ರಾ?"

"ತೊಂಬತ್ತಾರು. ಮಂಡಿ ನೋವು, ಅಷ್ಟೇ."

"ಮಂಡಿಗೆ ಯಂತ್ರ ಬಂದಿಲ್ಲ ಎಜೆ, ಬಂದ್ರೆ ಮೊದಲನೇದು ನಿಮಗೇ" ಎಂದು ನಕ್ಕು ಮತ್ತೆ ಫೋನು ಎತ್ತಿಕೊಂಡಳು.

ಥರ್ಮಾಸ್ ಹಿಡಿದು ಜಗಲಿಗೆ ಬಂದೆ. ನಮ್ಮ ನರ್ಸಮ್ಮ ಗುಲ್ಜಾತ್ ಅಲ್ಲಿ ನಳಿಗೆಗಳನ್ನು ತೊಳೆದು ಹಗ್ಗಕ್ಕೆ ನೇತುಹಾಕುತ್ತಿದ್ದಳು. ನನ್ನ ಮುಖ ನೋಡಿದಳು, ಥರ್ಮಾಸ್ ನೋಡಿದಳು, ಒಳಗಿನ ಕಿಟಕಿಯ ಕಡೆ ನೋಡಿದಳು. ಒದ್ದೆ ಕೈಯನ್ನು ಒರೆಸಿಕೊಂಡು ನನ್ನ ಕೈಯಿಂದ ಅದನ್ನು ಬಿಡಿಸಿಕೊಂಡಳು. ಎಲ್ಲಿಟ್ಟಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ಹೊತ್ತಿನಲ್ಲಿ ನನಗೆ ಅದಕ್ಕಿಂತ ದೊಡ್ಡ ಉಪಕಾರ ಯಾರಿಂದಲೂ ಆಗುತ್ತಿರಲಿಲ್ಲ.

ಎಸೆನ್ ನಮ್ಮ ಯಂತ್ರಗಳನ್ನು ಹಳ್ಳಿಯಿಂದ ಹಳ್ಳಿಗೆ ಸಾಗಿಸುತ್ತಿದ್ದ. ತನ್ನ ಹಳೆಯ ಝಿಗುಲಿ ಕಾರಿನ ಹಿಂದಿನ ಸೀಟು ಕಿತ್ತುಹಾಕಿ, ಅಲ್ಲಿ ಕಂಬಳಿ ಹಾಸಿ, ಮಗುವನ್ನು ಮಲಗಿಸುವ ಹಾಗೆ ಯಂತ್ರವನ್ನು ಮಲಗಿಸುತ್ತಿದ್ದ. ಆ ಕೆಲಸಕ್ಕೆ ಅವನನ್ನು ಕೇಳಿಕೊಂಡವಳು ನಾನು; ಹಾಗೆ ಸುತ್ತುವಾಗಲೇ ಅವನಿಗೆ ಜ್ವರ ಹತ್ತಿತ್ತು. ಅದನ್ನು ಯಾರೂ ನನಗೆ ಎತ್ತಿ ಆಡಲಿಲ್ಲ, ಆದರೆ ಆ ಜಗಲಿಯಲ್ಲಿ ನಿಂತಾಗ ನಾನು ಮರೆತಿರಲಿಲ್ಲ.

ಬುರುಲ್ಚಾಳ ಪಕ್ಕದ ಮನೆಯ ಮಾಕೆನ್‌ಗೆ ಫೋನು ಮಾಡಿದೆ. ಬುರುಲ್ಚಾಳ ತವರೂರಿನವಳೇ ಅವಳು, ಇಬ್ಬರೂ ಒಂದೇ ಬೀದಿಗೆ ಸೊಸೆಯರಾಗಿ ಬಂದವರು. ಸುದ್ದಿ ಹೇಳಿದೆ.

"ಅಂಗಳದಲ್ಲಿ ಗುಡಾರ ಹಾಕಬೇಕು" ಎಂದೆ. "ಮೂರಕ್ಕೆ ಬರ್ತಾನೆ."

"ಹಾಕಿಸ್ತೀನಿ. ಅವಳಿಗೆ ಹೇಳಾಯ್ತಾ?"

"ಇಲ್ಲ. ಕುಲದ ಹಿರಿಯರು ಸಿಕ್ಕಿಲ್ಲ. ಹೇಳೋವರೆಗೆ ಗುಡಾರ ಅವಳ ಕಣ್ಣಿಗೆ ಬೀಳಬಾರ್ದು."

"ಎಜೆ, ಗುಡಾರ ಏನು ಸೂಜಿನಾ ಬಚ್ಚಿಡಕ್ಕೆ? ಬೀದಿ ತುದಿಯಿಂದ್ಲೇ ಕಾಣುತ್ತೆ. ಹನ್ನೆರಡಕ್ಕೆ ಕೋಳಿಗೆ ಕಾಳು ಹಾಕಕ್ಕೆ ಬಂದೇ ಬರ್ತಾಳೆ."

"ಅವಳು ಬರದ ಹಾಗೆ ನೋಡ್ಕೋತೀನಿ" ಎಂದೆ. ಹೇಗೆ ಎಂದು ಆಗ ನನಗೇ ಗೊತ್ತಿರಲಿಲ್ಲ.

ಸಾವಾದ ಮನೆಯ ಅಂಗಳದಲ್ಲಿ ಉಣ್ಣೆಯ ಗುಡಾರ ಹಾಕುವುದು ನಮ್ಮ ಪದ್ಧತಿ; ಮನೆಯ ಯಜಮಾನ ಗುಡಾರವಿಲ್ಲದ ಅಂಗಳಕ್ಕೆ ಬಂದಿಳಿಯಬಾರದು. ಬಂದಾಗ ಹೆಂಡತಿ ಒಳಗೆ ಕೂತು ಹಾಡಿ ಅಳುತ್ತಿರಬೇಕು, ಬೀದಿಯಲ್ಲಿ ಕಾಳಿನ ಡಬ್ಬಿ ಹಿಡಿದು ನಿಂತಿರಬಾರದು. ಆ ವರ್ಷ ನಾವು ಬಿಟ್ಟುಕೊಟ್ಟದ್ದು ಬಹಳ. ಕುದುರೆ ಕಡಿದು ಊರಿಗೆ ಊಟ ಹಾಕುವುದನ್ನು ಬಿಟ್ಟೆವು, ತಬ್ಬಿಕೊಂಡು ಅಳುವುದನ್ನು ಬಿಟ್ಟೆವು. ಇಷ್ಟು ಒಂದನ್ನು ಎಸೆನ್‌ಗೆ ಉಳಿಸಬೇಕು ಎಂದು ನನ್ನ ಮನಸ್ಸು ಹಟ ಹಿಡಿದಿತ್ತು.

ಅವನ ಕುಲದ ಹಿರಿಯರ ಹೆಸರು ಹಿಡಿದು ಒಬ್ಬೊಬ್ಬರಿಗೆ ಫೋನು ಮಾಡಿದೆ. ಒಬ್ಬರು ಜ್ವರದಲ್ಲಿ, ಒಬ್ಬರು ಯಂತ್ರದ ಮೇಲೆ, ಇನ್ನೊಬ್ಬರನ್ನು ಹಿಂದಿನ ವಾರವೇ ಮಣ್ಣು ಮಾಡಿದ್ದೆವು, ಅದನ್ನು ನಾನು ಮರೆತು ಫೋನು ಮಾಡಿದ್ದೆ. ಅವರ ಮೊಮ್ಮಗಳು, "ಪರವಾಗಿಲ್ಲ ಎಜೆ, ಎಲ್ಲರೂ ಮಾಡ್ತಾರೆ" ಎಂದಳು. ರಾಜಧಾನಿ ಬಿಷ್ಕೆಕ್‌ನಲ್ಲಿದ್ದ ಬುರುಲ್ಚಾಳ ಮಗಳು ತಾನೇ ಹಾಸಿಗೆ ಹಿಡಿದಿದ್ದಳು. ಕೊನೆಗೆ ಕಾಲ ಮೇಲೆ ನಿಂತಿರುವ ಹಿರಿಯ ಎಂದು ಉಳಿದವರು ಒಬ್ಬರೇ: ಎಸೆನ್‌ನ ಚಿಕ್ಕಪ್ಪ ಅಸನ್‌ಗಾಜಿ.

ಅಸನ್‌ಗಾಜಿ ಹದಿನೆಂಟು ವರ್ಷ ನಮ್ಮ ಗ್ರಾಮಸಭೆಯ ಮುಖ್ಯಸ್ಥರಾಗಿದ್ದವರು. ಮೂರು ವರ್ಷದ ಹಿಂದೆ ನೀರಿನ ಪೈಪಿನ ವಿಷಯಕ್ಕೆ ನಾವು ಅರವತ್ತು ಹೆಂಗಸರು ಸಭೆಯ ಮುಂದಿನ ಬೆಂಚುಗಳಲ್ಲಿ ಕೂತು, ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ತೋರಿಸಿ ಎಂದು ಆ ನಕ್ಷೆಯನ್ನು ಬಿಚ್ಚಿದ್ದೆವು. ತೋರಿಸಲು ಅವರಿಗಾಗಲಿಲ್ಲ. ಮುಂದಿನ ವರ್ಷ ಕುರ್ಚಿ ಹೋಯಿತು. ಅಂದಿನಿಂದ ನಾನು ಬೀದಿಯ ಈ ಬದಿ ಕಂಡರೆ ಅವರು ಆ ಬದಿಗೆ ದಾಟುತ್ತಿದ್ದರು.

ಅವರಿಗೆ ಫೋನು ಮಾಡುವ ಹಾಗಿರಲಿಲ್ಲ. ಅವರೂ ಸುದ್ದಿ ಕೇಳಬೇಕಾದ ಹತ್ತಿರದವರೇ. ನಡೆದು ಹೋದೆ. ಬಿಸಿಲು ಆಗಲೇ ಏರಿತ್ತು. ಗೇಟಿನ ಹೊರಗೆ ನಿಂತು ಕೂಗಿದೆ.

"ಯಾರದು?"

"ನಾನು, ಬಾತ್ಮಾ."

"ಓಹೋ, ಟೀಚರಮ್ಮ. ಏನು, ನಮ್ಮನೆ ಪೈಪೂ ಅಳೀಬೇಕಾ?"

"ಸ್ವಲ್ಪ ಹೊರಗೆ ಬನ್ನಿ ಅಸನ್‌ಗಾಜಿ."

"ಅಲ್ಲಿಂದ್ಲೇ ಹೇಳು, ಕಿವಿ ಕೇಳುತ್ತೆ. ನಿಮ್ಮ ಅರವತ್ತು ಹೆಂಗಸರ ಗಂಟಲು ಕೇಳಿದ ಕಿವಿ ಇದು."

ಬಂದರು. ಮೂರು ದಿನದ ಗಡ್ಡ, ಕೈಯಲ್ಲಿ ಕೋಲು, ಮಾಸ್ಕು ಗದ್ದದ ಕೆಳಗೆ. ನಾನೊಬ್ಬಳೇ ನಿಂತಿರುವುದನ್ನು ನೋಡಿ ನಿಂತರು. ಅಕ್ಕಪಕ್ಕ ನೋಡಿದರು, ಇನ್ನಿಬ್ಬರು ಎಲ್ಲಾದರೂ ಹಿಂದೆ ಇದ್ದಾರೇನೋ ಎನ್ನುವ ಹಾಗೆ.

"ಎಸೆನ್‌ನಾ?" ಎಂದರು.

ಬೇರೆ ಮಾತಿನಿಂದ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಒಂದೂ ಬರಲಿಲ್ಲ. "ಹೂಂ" ಎಂದೆ.

ಅವರು ಗೇಟಿನ ಕಂಬ ಹಿಡಿದುಕೊಂಡರು. ಗದ್ದದ ಕೆಳಗಿನ ಮಾಸ್ಕನ್ನು ಮೇಲಕ್ಕೆ ಎಳೆದುಕೊಂಡರು. ಆಮೇಲೆ ಹೇಳಿದರು, "ಮೂವರು ಬರಬೇಕು ಅಂತ ನೀವೇ ಅಲ್ವಾ ಬರ್ದಿದ್ದು."

"ಸಿಗಲಿಲ್ಲ. ಯಾರೂ ಎದ್ದು ನಿಲ್ಲೋ ಸ್ಥಿತಿಯಲ್ಲಿಲ್ಲ."

ಹಾಲು ಕರೆಯುವ ಪುಟ್ಟ ಮಣೆ ಗೇಟಿನ ಬಳಿ ಬಿದ್ದಿತ್ತು. ಅದನ್ನು ಕೋಲಿನ ತುದಿಯಿಂದ ನನ್ನ ಕಡೆ ತಳ್ಳಿದರು. "ಕೂತ್ಕೋ. ಇಂಥಾ ಸುದ್ದಿ ಹೊತ್ಕೊಂಡು ಒಬ್ಬಳೇ ನಿಂತ್ಕೋಬೇಡ."

ನಾನು ಕೂತೆ. ಅವರು ನಿಂತೇ ಇದ್ದರು. ಇಬ್ಬರೂ ಅಳಲಿಲ್ಲ, ಅಷ್ಟಕ್ಕೆ ಶಕ್ತಿ ಇರಲಿಲ್ಲ ಅಂತ ಕಾಣುತ್ತದೆ. ಬುರುಲ್ಚಾಗೆ ಹೇಳಬೇಕು, ನೀವೇ ಮಾತು ತೆಗೆಯಬೇಕು ಎಂದೆ.

"ಹೇಳ್ತೀನಿ. ಗಡ್ಡ ತೆಗೀಬೇಕು. ಹಿಂಗೆ ಹೋದ್ರೆ ಎಸೆನ್ ಬೈತಾನೆ. ಗುಡಾರಕ್ಕೆ ಹುಡುಗರನ್ನ ನಾನು ಕಳಿಸ್ತೀನಿ, ನನ್ನ ಮಾತು ಇನ್ನೂ ಅಷ್ಟು ನಡೆಯುತ್ತೆ. ಒಂದೂವರೆ ಹೊತ್ತಿಗೆ ನಿಮ್ಮ ಕಚೇರಿಗೆ ಬರ್ತೀನಿ." ಒಳಗೆ ಹೋಗುತ್ತ ತಿರುಗಿದರು. "ಆ ಕಚೇರಿ ಮೆಟ್ಲು ಹತ್ತಲ್ಲ ಅಂತ ಆಣೆ ಮಾಡಿದ್ದೆ ಟೀಚರಮ್ಮ. ಅಂಗಳ ಆದ್ರೆ ಪರವಾಗಿಲ್ಲ."

ಕಚೇರಿಗೆ ಮರಳುವಾಗ ಹನ್ನೊಂದೂವರೆ. ಇನ್ನು ಅರ್ಧ ಗಂಟೆಗೆ ಅವಳು ಕೋಳಿಗೆ ಕಾಳು ಹಾಕಲು ಹೊರಡುತ್ತಾಳೆ. ಇಲ್ಲಿಂದ ನಾನು ಮಾಡಿದ್ದನ್ನು ಒಂದೂ ಬಿಡದೆ ಹೇಳಬೇಕು.

ಹೊಳೆಯಾಚೆ ತುರ್ಸುನ್ ಅಪಾ ಎಂಬ ಮುದುಕಿಯಿದ್ದಳು. ಅವಳ ಮಗಳು ಬಿಷ್ಕೆಕ್‌ನಲ್ಲಿ ಹಿಂದಿನ ದಿನ ತೀರಿಕೊಂಡಿದ್ದಳು. ಅಲ್ಲಿ ಸುದ್ದಿ ಹೇಳಬೇಕಾದ ಮೂವರಲ್ಲಿ ಬುರುಲ್ಚಾ ಒಬ್ಬಳು, ಉಳಿದಿಬ್ಬರು ಆ ಬೀದಿಯವರು. ಸಂಜೆ ನಾಲ್ಕಕ್ಕೆ ಎಂದು ಗೊತ್ತುಮಾಡಿದ್ದೆವು. ಅದನ್ನು ನಾನು ಹನ್ನೆರಡಕ್ಕೆ ಎಳೆದೆ. ಆ ಇಬ್ಬರಿಗೂ ಫೋನು ಮಾಡಿ ಬೇಗ ಬನ್ನಿ ಎಂದೆ. ಆಮೇಲೆ ಒಳಗೆ ಹೋಗಿ ಬುರುಲ್ಚಾಗೆ ಹೇಳಿದೆ.

"ಈಗಲೇನಾ?" ಎಂದಳು. "ನಾಲ್ಕಕ್ಕೆ ಅಂದಿದ್ರಲ್ಲ."

"ಮುದುಕಿ ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್ ಮಾಡ್ತಿದಾಳೆ. ಇನ್ನು ತಡ ಮಾಡಿದ್ರೆ ಬೇರೆ ಯಾರಾದ್ರೂ ಬಾಯ್ಬಿಡ್ತಾರೆ."

ಅದು ನಿಜವೂ ಆಗಿತ್ತು. ನಿಜವಾದದ್ದನ್ನು ಸುಳ್ಳಿಗೆ ಬಳಸಿಕೊಂಡರೆ ನಾಲಿಗೆ ತಡವರಿಸುವುದಿಲ್ಲ ಎಂದು ಆ ದಿನ ಕಲಿತೆ.

"ಕೋಳಿಗೆ ಕಾಳು?"

"ಮಾಕೆನ್‌ಗೆ ಹೇಳಿದೀನಿ."

"ಏನ್ ಎಜೆ, ಇವತ್ತು ನನ್ನ ಮೇಲೆ ಇಷ್ಟೊಂದು ಮುದ್ದು? ಸಂಜೆ ಏನೋ ದೊಡ್ಡ ಕೆಲಸ ಹೇರೋ ಹಾಗಿದೆ." ಎದ್ದಳು. ಕೈ ತೊಳೆದಳು, ಬಿಳಿ ವಸ್ತ್ರವನ್ನು ತಲೆಗೆ ಕಟ್ಟಿಕೊಂಡಳು. ಇಂಥ ಮನೆಗಳಿಗೆ ಹೋಗುವಾಗ ಬಣ್ಣದ ವಸ್ತ್ರ ಕಟ್ಟುತ್ತಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು, "ನಮ್ಮನೆಯವರ ಫೋನ್ ಬಂದ್ರೆ, ಎರಡು ಗಂಟೆಗೆ ನಾನೇ ಮಾಡ್ತೀನಿ ಅಂತ ಹೇಳಿ. ಇಲ್ದಿದ್ರೆ ಮುನಿಸ್ಕೋತಾರೆ."

ಜಗಲಿಯಲ್ಲಿ ಗುಲ್ಜಾತ್ ನನ್ನ ಕೈ ಹಿಡಿದಳು. "ಎಜೆ, ಅವಳನ್ನ ಆ ಮನೆಗೆ ಕಳಿಸ್ತಿದೀರಾ? ಈ ಹೊತ್ತಲ್ಲಿ?"

"ಇಲ್ಲಾಂದ್ರೆ ಗುಡಾರ ನೋಡ್ತಾಳೆ."

"ನೋಡ್ಲಿ."

"ಬೀದಿ ಮಧ್ಯದಲ್ಲಿ, ಒಬ್ಬಳೇ?"

ಗುಲ್ಜಾತ್ ಕೈ ಬಿಟ್ಟಳು. ಅವಳು ಹೇಳಿದ್ದು ಸರಿ, ನಾನು ಹೇಳಿದ್ದೂ ಸರಿ. ಬುರುಲ್ಚಾ ಆಗಲೇ ಸೇತುವೆಯ ಕಡೆ ತಿರುಗಿದ್ದಳು, ಬಿಳಿ ವಸ್ತ್ರ ಬೇಲಿಯ ಮೇಲೆ ಸ್ವಲ್ಪ ದೂರದವರೆಗೆ ಕಂಡಿತು. ಕೂಗಿದ್ದರೆ ಕೇಳಿಸುವಷ್ಟು ಹತ್ತಿರ. ಕೂಗಲಿಲ್ಲ.

ಆಮೇಲಿನ ಎರಡು ಗಂಟೆ ನಾನು ಫೋನು ಎತ್ತಿದೆ. ಯಾರದೋ ಅಂಕಿ ಎಂಬತ್ತೊಂದು, ಯಾರಿಗೋ ಯಂತ್ರ ಬೇಕು, ಯಂತ್ರವಿಲ್ಲ. ಯಾರೋ ಬೈದರು, ಯಾರೋ ಬೈದಿದ್ದಕ್ಕೆ ಮತ್ತೆ ಫೋನು ಮಾಡಿ ಕ್ಷಮೆ ಕೇಳಿದರು. ಮಾಕೆನ್ ನಡುನಡುವೆ ಹೇಳುತ್ತಿದ್ದಳು: ಆರು ಜನ ಬಂದಿದ್ದಾರೆ, ಗುಡಾರದ ಚೌಕಟ್ಟು ನಿಂತಿತು, ಉಣ್ಣೆಯ ಹೊದಿಕೆ ಹಾಕುತ್ತಿದ್ದಾರೆ. ಯಾರೂ ಮಾತಾಡದೆ ಕಟ್ಟುತ್ತಿದ್ದಾರೆ ಎಜೆ, ಎಂದಳು. ಕೋಳಿಗೆ ಕಾಳನ್ನೂ ಹಾಕಿದ್ದಾರೆ.

ಒಂದು ಗಂಟೆಗೆ ಹೊಳೆಯಾಚೆಯಿಂದ ತುರ್ಸುನ್ ಅಪಾಳ ಬೀದಿಯ ಹಿರಿಯರೊಬ್ಬರು ಫೋನು ಮಾಡಿದರು. "ಹೇಳಾಯ್ತು. ನಿಮ್ಮ ಬುರುಲ್ಚಾ ಇಲ್ದಿದ್ರೆ ನಮ್ಮ ಕೈಲಿ ಆಗ್ತಿರ್ಲಿಲ್ಲ. ಹತ್ತಿರ ಹೋಗ್ಬಾರ್ದು ಅಂತ ನಾವೆಲ್ಲಾ ಮರದ ಥರ ನಿಂತಿದ್ವಿ. ಅವಳು ನಾಲ್ಕು ಹೆಜ್ಜೆ ದೂರದಲ್ಲಿ ಮಣ್ಣಲ್ಲೇ ಕೂತು, ಮುದುಕಿ ಅಳೋವರೆಗೂ ಕೂತು, ಆಮೇಲೆ ತನ್ನ ಕೈಲೇ ನೀರು ತಂದು ದೂರ ಇಟ್ಟು ಮುಖ ತೊಳ್ಕೊಳ್ಳಿ ಅಂದ್ಳು. ದೇವರು ಅವಳ ಮನೆ ಚೆನ್ನಾಗಿಟ್ಟಿರ್ಲಿ."

"ಹೂಂ" ಎಂದು ಫೋನಿಟ್ಟೆ.

ಒಂದೂವರೆಗೆ ಅಸನ್‌ಗಾಜಿ ಬಂದರು. ಜುಲೈ ಬಿಸಿಲಿನಲ್ಲೂ ಕಪ್ಪು ಮಖಮಲ್ಲಿನ ನಿಲುವಂಗಿ, ಬಿಳಿಯ ಕಲ್ಪಾಕ್ ಟೋಪಿ. ಅವಸರದಲ್ಲಿ ಗದ್ದದ ಮೇಲೆ ಗಾಯ ಮಾಡಿಕೊಂಡಿದ್ದರು, ಅಲ್ಲಿಗೆ ಕಾಗದದ ಚೂರು ಅಂಟಿಸಿದ್ದರು. ಮೆಟ್ಟಿಲ ಹತ್ತಿರ ಬರಲಿಲ್ಲ, ಪಾಪ್ಲರ್ ಮರದ ಕೆಳಗೆ ನಿಂತರು. ಮಾಕೆನ್ ಬೇಲಿಯ ಪಕ್ಕ ನಿಂತಳು. ನಾನು ಬಾವಿಯ ಬಳಿ. ಗುಲ್ಜಾತ್ ಒಂದು ಬೆಂಚು ತಂದು ನಡುವೆ ಇಟ್ಟು, ಮೇಲೆ ದಪ್ಪ ಹಾಸು ಹಾಕಿ, ಒಳಗೆ ಹೋಗಿ ಎರಡೂ ಫೋನುಗಳನ್ನು ತಾನೇ ಹಿಡಿದು ಕೂತಳು. ಅಂಗಳದಲ್ಲಿ ಮೂವರು, ಒಬ್ಬರಿಂದೊಬ್ಬರು ನಾಲ್ಕು ಹೆಜ್ಜೆ ದೂರ.

ಎರಡಕ್ಕೆ ಹತ್ತು ನಿಮಿಷವಿರುವಾಗ ಬುರುಲ್ಚಾ ಗೇಟು ತಳ್ಳಿದಳು. "ಎಜೆ, ಆ ಮುದುಕಿ..." ಎಂದು ಶುರುಮಾಡಿದವಳು ನಿಂತಳು.

ಸ್ವಲ್ಪ ಮುಂಚೆ ಅವಳು ನಿಂತಿದ್ದ ಅಂಗಳವೂ ಹೀಗೇ ಇತ್ತು. ಅವಳು ಮೊದಲು ಅಸನ್‌ಗಾಜಿಯನ್ನು ನೋಡಿದಳು, ಅವರ ಟೋಪಿಯನ್ನು, ಗದ್ದದ ಕಾಗದವನ್ನು. ಆಮೇಲೆ ಮಾಕೆನ್‌ಳನ್ನು. ಬೆಂಚನ್ನು. ಕೊನೆಗೆ ನನ್ನನ್ನು.

"ಬೆಳಗಿನ ಫೋನಾ?" ಎಂದಳು.

"ಹೂಂ."

"ಹಾಸಿಗೆ ಲೆಕ್ಕ ಅಂದ್ರಿ."

"ಹೂಂ."

ಅಸನ್‌ಗಾಜಿ ಕೋಲನ್ನು ನೆಲಕ್ಕೆ ಊರಿದರು. "ಕೂತ್ಕೋ ಮಗಳೇ. ಮಾತು ನಾನು ಶುರುಮಾಡ್ಬೇಕು."

ಅವಳು ಬಂದು ಬೆಂಚಿನ ತುದಿಯಲ್ಲಿ ಕೂತಳು. ತಲೆಯ ವಸ್ತ್ರವನ್ನು ಹಣೆಯವರೆಗೆ ಎಳೆದುಕೊಂಡಳು. "ಹೇಳಿ ಮಾವ. ನಡುವೆ ಬಿಡಬೇಡಿ. ಪೂರ್ತಿ ಹೇಳಿ."

ಮುದುಕರು ಹೇಳಿದರು. ಗ್ರಾಮಸಭೆಯಲ್ಲಿ ಅವರ ಭಾಷಣ ನಾನು ಎಷ್ಟೋ ಕೇಳಿದ್ದೆ, ಒಂದೂ ನೆನಪಿಲ್ಲ. ಇದು ನೆನಪಿದೆ. ಎಸೆನ್ ಹುಟ್ಟಿದ ವರ್ಷ ಎಷ್ಟು ಹಿಮ ಬಿದ್ದಿತ್ತು ಎಂಬುದರಿಂದ ಶುರುಮಾಡಿದರು. ಏಳು ವರ್ಷಕ್ಕೆ ಅವನು ಕುದುರೆಯಿಂದ ಬಿದ್ದು ಕೈ ಮುರಿದುಕೊಂಡು, ಅಪ್ಪನಿಗೆ ಗೊತ್ತಾದರೆ ಕುದುರೆಗೆ ಹೊಡೆಯುತ್ತಾರೆ ಎಂದು ಎರಡು ದಿನ ಮುಚ್ಚಿಟ್ಟದ್ದು. ಇವಳನ್ನು ಮದುವೆಯಾಗುವ ಮುಂಚೆ ಎಂದೂ ಓದದ ಪುಸ್ತಕಗಳನ್ನೆಲ್ಲ ಗ್ರಂಥಾಲಯದಿಂದ ಹೊತ್ತು ತರುತ್ತಿದ್ದದ್ದು. ಬುರುಲ್ಚಾ ತಲೆ ಎತ್ತಲಿಲ್ಲ. ಮಾತು ನಿಧಾನವಾಗಿ ಬೆಟ್ಟದ ಹಾದಿಯ ಹಾಗೆ ಸುತ್ತಿ ಸುತ್ತಿ, ಯಂತ್ರಗಳಿಗೆ, ಕಾರಿಗೆ, ಜ್ವರಕ್ಕೆ ಬಂತು. "ಬೆಳಗಿನ ಜಾವ ನಮ್ಮನ್ನ ಬಿಟ್ಟು ಹೋದ" ಎಂದರು. "ಮೂರು ಗಂಟೆಗೆ ಮನೆಗೆ ಬರ್ತಾನೆ. ಗುಡಾರ ಹಾಕಿಸಿದೀನಿ. ನೀನು ಹೋಗಿ ಒಳಗೆ ಕೂರ್ಬೇಕು."

ಒಳಗೆ ಫೋನು ಹೊಡೆದುಕೊಂಡಿತು, ಗುಲ್ಜಾತ್ ತಕ್ಷಣ ಎತ್ತಿದಳು.

ಬುರುಲ್ಚಾ ತಲೆ ಎತ್ತಿದಳು. ನನ್ನ ಕಡೆ ನೋಡಿಯೇ ಹೇಳಿದಳು.

"ತುರ್ಸುನ್ ಅಪಾ ನಮ್ಮನ್ನ ನೋಡಿದ ತಕ್ಷಣ ಕೇಳಿದ್ರು. ಎಲ್ಲರೂ ಕೇಳೋ ಹಾಗೆ. ಬನ್ನಿ, ನಿಮ್ಮ ಮನೇಲಿ ಎಲ್ಲಾ ಕ್ಷೇಮನಾ, ಗಂಡ ಕ್ಷೇಮನಾ ಅಂತ. ನಾನು ಕ್ಷೇಮ ಅಂದೆ. ಹುಷಾರಾಗ್ತಿದಾರೆ, ನಿನ್ನೆ ತಮಾಷೆ ಮಾಡ್ತಿದ್ರು ಅಂದೆ. ಮಗಳನ್ನ ಕಳ್ಕೊಂಡವಳ ಮುಂದೆ ಕೂತು, ನನ್ನ ಮನೆ ಕ್ಷೇಮ ಅಂತ ಹೇಳಿ ಬಂದೆ ಎಜೆ."

ಮಾಕೆನ್ ನಿಯಮ ಮರೆತು ನಾಲ್ಕು ಹೆಜ್ಜೆ ದಾಟಿ ಅವಳನ್ನು ಹಿಡಿದುಕೊಂಡಳು. ಇಬ್ಬರೂ ಗೇಟಿನಿಂದ ಆಚೆ ಹೋದರು. ಬೀದಿಯ ತಿರುವಿನಲ್ಲಿ ಗುಡಾರ ಕಾಣುವ ಜಾಗ ಬಂದಿರಬೇಕು, ಆಗ ಅವಳ ಅಳು ಕೇಳಿಸಿತು. ಹಾಡಿನ ಮೊದಲ ಸಾಲಿನಂತೆ ಎದ್ದು, ದೂರ ಹೋಗುತ್ತ ಹೋಗುತ್ತ ಉದ್ದವಾಯಿತು.

ಅಸನ್‌ಗಾಜಿ ಅವಳ ಹಿಂದೆ ಹೊರಟವರು ಬಾವಿಯ ಬಳಿ ನಿಂತು ನೀರು ಕೇಳಿದರು. ಕೊಟ್ಟೆ. ಕುಡಿದು ಬಟ್ಟಲನ್ನು ಕಟ್ಟೆಯ ಮೇಲಿಟ್ಟರು. "ನೀನೂ ಬಾ" ಎಂದರು. "ಹೊರಗೆ ನಿಂತ್ಕೋ. ಬರದೇ ಇದ್ರೆ ಆಮೇಲೆ ಜೀವನಪೂರ್ತಿ ಬರಕ್ಕಾಗಲ್ಲ."

ಹೋದೆ. ಬೇಲಿಯ ಹೊರಗೆ ನಿಂತೆ. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ವಾಹನ ಬಂತು. ಆಗ ಬುರುಲ್ಚಾ ಗುಡಾರದ ಒಳಗೆ, ಗೋಡೆಗೆ ಮುಖ ಮಾಡಿ, ಸೊಂಟಕ್ಕೆ ಕೈಯಿಟ್ಟು ಕೂತು ಹಾಡುತ್ತಿದ್ದಳು. ಗಂಡನ ಹೆಸರನ್ನು ಬಾಯಲ್ಲಿ ಎಂದೂ ಹೇಳದವಳು ಆ ಹಾಡಿನಲ್ಲೂ ಹೇಳಲಿಲ್ಲ. ದೇಹವಿದ್ದ ಚೀಲದ ಬಾಯಿ ತೆಗೆಯಲು ಆಸ್ಪತ್ರೆಯವರು ಬಿಡಲಿಲ್ಲ. ಆರು ಜನ ಬಿಳಿ ಉಡುಪಿನವರು ಹೊತ್ತು ಗುಡಾರದ ಬಾಗಿಲಿನ ಮುಂದೆ ಒಂದು ಗಳಿಗೆ ನಿಲ್ಲಿಸಿ, ಬೆಟ್ಟದ ಬುಡಕ್ಕೆ ಕೊಂಡೊಯ್ದರು.

ನಲವತ್ತು ದಿನ ಅವಳು ಬರಲಿಲ್ಲ. ನಾನು ವಾರಕ್ಕೊಮ್ಮೆ ಅವಳ ಬಾಗಿಲಿಗೆ ಹಿಟ್ಟೋ ಬೆಣ್ಣೆಯೋ ಇಟ್ಟು ಬರುತ್ತಿದ್ದೆ. ಪಾತ್ರೆ ತೊಳೆದು ಗೇಟಿನ ಮೇಲೆ ಬೋರಲು ಹಾಕಿರುತ್ತಿದ್ದಳು. ಮಾತಿಲ್ಲ. ಆಗಸ್ಟು ಕಳೆಯುವಾಗ ರೋಗ ಸ್ವಲ್ಪ ಇಳಿಯಿತು. ಫೋನು ಮೊದಲಿನಷ್ಟು ಹೊಡೆದುಕೊಳ್ಳುತ್ತಿರಲಿಲ್ಲ. ಮುಂದೆ ಚುನಾವಣೆ ಬರುತ್ತದೆ, ಮತ್ತೆ ಪೆಟ್ಟಿಗೆಯ ಪಕ್ಕ ಕೂರಬೇಕು ಎಂದು ಕೆಲವು ಕೊಂಡಿಗಳು ಹೇಳತೊಡಗಿದರು. ಕೇಳಿದರೇ ಸುಸ್ತಾಗುತ್ತಿತ್ತು.

ಒಂದು ಬೆಳಿಗ್ಗೆ ಬುರುಲ್ಚಾ ಬಂದು ತನ್ನ ಕುರ್ಚಿಯಲ್ಲಿ ಕೂತಳು. ತಲೆಗೆ ಕಪ್ಪು ವಸ್ತ್ರ. ತೆಳ್ಳಗಾಗಿದ್ದಳು. ನಾನು ಎದ್ದು, ಹೇಗೆ ಶುರುಮಾಡಬೇಕೆಂದು ತಿಳಿಯದೆ, "ಬುರುಲ್ಚಾ, ಅವತ್ತು ನಾನು..." ಎಂದೆ.

"ಬೇಡ ಎಜೆ" ಎಂದಳು. "ನೀವು ತಪ್ಪಾಯ್ತು ಅಂದ್ರೆ ನಾನು ಪರವಾಗಿಲ್ಲ ಅನ್ಬೇಕಾಗುತ್ತೆ. ಅದು ನನ್ನ ಕೈಲಿ ಇನ್ನೂ ಆಗಲ್ಲ."

ಕೂತೆ. ಅವಳು ಚೀಲದಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟಳು. ಅದೇ ಅರ್ಧ ಹಾಳೆಯ ನಿಯಮಗಳು, ಹೊಸದಾಗಿ ಬರೆದದ್ದು. ಕೊನೆಯಲ್ಲಿ ಒಂದು ಸೇರಿತ್ತು.

"ಸುದ್ದಿ ಬಳಗದವರ ಮನೆಯದೇ ಆಗಿದ್ದರೆ ಆ ಗಳಿಗೆಯಿಂದ ಅವರನ್ನು ಯಾವ ಕೆಲಸಕ್ಕೂ ಕಳಿಸಬಾರದು. ಮೂವರು ಸಿಗದಿದ್ದರೆ ಒಬ್ಬರೇ ಹೇಳಬೇಕು. ಗುಡಾರ ಆಮೇಲೆ."

"ಮಲಗಿದ್ದಾರಂತೆ" ಎನ್ನುವ ಸಾಲನ್ನು ಅವಳು ಹೊಡೆದುಹಾಕಿರಲಿಲ್ಲ. ನಾನು ಅದರ ಮೇಲೆ ಬೆರಳಿಟ್ಟೆ.

"ಅದು ಇರ್ಲಿ" ಎಂದಳು. "ಒಲೆ ಮುಂದೆ ಒಬ್ಬರೇ ಇರೋರಿಗೆ ಅದು ಬೇಕು. ಇದನ್ನ ಮಾತ್ರ ನೀವೇ ಎಲ್ಲಾ ಹಳ್ಳಿಗೂ ಓದಿ ಹೇಳ್ಬೇಕು. ನಾನಲ್ಲ, ಗುಲ್ಜಾತ್ ಅಲ್ಲ. ನೀವು."

"ಈಗಲೇನಾ?"

"ಹೂಂ."

ನಾನು ಫೋನು ಎತ್ತಿಕೊಂಡೆ. ಅವಳು ಎದುರಿಗೆ ಹಳ್ಳಿಗಳ ಪಟ್ಟಿ ಇಟ್ಟುಕೊಂಡು ಪೆನ್ಸಿಲು ಹಿಡಿದಳು. ಮೊದಲ ಹಳ್ಳಿಯ ಕೊಂಡಿ ಬರೆದುಕೊಂಡು, "ಆಯ್ತು ಎಜೆ" ಎಂದಳು. ಎರಡನೆಯವಳು ಮತ್ತೊಮ್ಮೆ ಓದಿ ಎಂದಳು, ಓದಿದೆ. ಯಾರಿಗಾಗಿ ಬರೆದ ನಿಯಮ ಎಂದು ಕಣಿವೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಕೇಳಲಿಲ್ಲ. ಒಬ್ಬ ಮುದುಕಿ ಕೊಂಡಿ ಮಾತ್ರ ಬರೆದುಕೊಂಡ ಮೇಲೆ, "ನಾನೂ ಒಂದ್ಸಲ ಹಂಗೇ ಮಾಡಿದ್ದೆ ಬಾತ್ಮಾ, ಮೇ ತಿಂಗಳಲ್ಲಿ. ಯಾರಿಗೂ ಹೇಳಿರ್ಲಿಲ್ಲ" ಎಂದು ಫೋನಿಟ್ಟಳು. ಅದನ್ನು ಬುರುಲ್ಚಾಗೆ ಹೇಳಲಿಲ್ಲ. ಹೇಳಿದರೆ ನನ್ನ ಭಾರ ಇಳಿಸಿಕೊಳ್ಳಲು ಹೇಳಿದಂತಾಗುತ್ತಿತ್ತು.

ಹದಿನಾಲ್ಕನೆಯ ಹಳ್ಳಿಗೆ ಓದುವಾಗ ಕೊನೆಯ ಸಾಲಿನಲ್ಲಿ ನಿಂತೆ. "ಗುಡಾರ ಆಮೇಲೆ" ಎನ್ನುವ ಮಾತು ಹೊರಗೆ ಬರಲಿಲ್ಲ. ಆ ಕಡೆಯವಳು, "ಹೇಳಿ ಎಜೆ, ಬರ್ಕೊಳ್ತಿದೀನಿ" ಎಂದಳು. ಬುರುಲ್ಚಾ ತಲೆ ಎತ್ತದೆ ತನ್ನ ಚಹಾದ ಬಟ್ಟಲನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದಳು. ಒಂದು ಗುಟುಕು ಕುಡಿದು, ಆ ಸಾಲನ್ನು ಮುಗಿಸಿದೆ.

"ಹದಿನಾಲ್ಕು ಆಯ್ತು" ಎಂದು ಅವಳು ಪಟ್ಟಿಯಲ್ಲಿ ಗುರುತು ಹಾಕಿದಳು. "ಇನ್ನು ಹದಿನೇಳು."

ನಾನು ಮುಂದಿನ ನಂಬರು ಒತ್ತಿದೆ.